ಎರಡನೆಯ ಸಲ ನೀಟ್ ಬರೆದ ಚಿನ್ಮಯಿಯ ನಂಬುಗೆ ಗೌರಿ ಕಥೆ

ಬತ್ತಿಯನ್ನು ತುಸು ಮುಂದೆ ಮಾಡಿ, ಮಾತು ನಿಲ್ಲಿಸಿ, ಹತ್ತಿರ ಸರಿದು ಕೂತು ಕೇಳುವಂಥವರಾಗಿ. ಈ ದೀಪದ ಆಣೆ, ಎದುರಿಗೆ ಕೂತ ಅರಿಶಿನದ ಗೌರಿಯ ಆಣೆ, ನನ್ನ ಮೀಸೆಯ ಆಣೆ, ಈಗ ಹೇಳುವ ಕಥೆಯ ಒಂದೊಂದು ಮಾತೂ ಸತ್ಯ. ಬೇರೆ ವ್ರತಗಳ ಕಥೆಯನ್ನು ಸೂತ ಪುರಾಣಿಕರು ಶೌನಕಾದಿ ಮುನಿಗಳಿಗೆ ಹೇಳಿದರು. ಅವರಾದರೂ ಯಾರದೋ ಬಾಯಿಂದ ಕೇಳಿ ಹೇಳಿದವರು. ನಾನು ಹಾಗಲ್ಲ. ಇದು ನಡೆಯುವಾಗ ಖುದ್ದಾಗಿ ಅಲ್ಲಿದ್ದೆ, ಕಣ್ಣಾರೆ ಕಂಡೆ, ಮಧ್ಯೆ ಮಧ್ಯೆ ಕಾಫಿಯನ್ನೂ ಕುಡಿದೆ. ಕಥೆಯೊಳಗಿನ ಜನರೂ ಇದೇ ದೀಪದ ಸುತ್ತ ಕೂತಿದ್ದಾರೆ. ಅವರಲ್ಲಿ ಯಾರಾದರೂ ನಡುವೆ ಕೆಮ್ಮಿದರೆ ಅದನ್ನು ನೆಗಡಿಯೆಂದೇ ತಿಳಿಯತಕ್ಕದ್ದು.

ಹಾಸನದ ಸೀಮೆಯಲ್ಲಿ, ದಿಕ್ಕು ದಿಕ್ಕಿನ ರೈಲುಗಳು ಬಂದು ನಿಂತು ಉಸಿರು ಬಿಟ್ಟು ಹೋಗುವ ಅರಸೀಕೆರೆಯೆಂಬ ಪಟ್ಟಣದಲ್ಲಿ, ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಪಂಚಾಕ್ಷರಯ್ಯನೆಂಬ ಟಿಕೆಟ್ ಕಲೆಕ್ಟರನೂ ಆತನ ಹೆಂಡತಿ ತ್ರಿವೇಣಿಯೂ ವಾಸವಾಗಿದ್ದರು. ತ್ರಿವೇಣಿ ನನ್ನ ಒಡಹುಟ್ಟಿದ ತಂಗಿ. ಇಬ್ಬರೂ ಸದಾಚಾರಿಗಳು, ಅತಿಥಿಗಳಿಗೆ ಊಟ ಹಾಕುವವರು. ಆದರೆ ಊಟ ಹಾಕಿ, ಈತ ಯಾಕೆ ಬಂದಿರಬಹುದೆಂದು ಬಾಗಿಲ ಸಂದಿಯಿಂದ ನೋಡುವವರು. ಅನುಮಾನವೆಂಬುದು ಆ ಮನೆಯಲ್ಲಿ ಒಲೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಿತ್ತು. ಹಾಲಿನವನು ಬಂದರೆ ಮೊದಲು ತಾನೇ ಒಂದು ಗುಟುಕು ಕುಡಿದು ತೋರಿಸಬೇಕು. ಹಲ್ಲಿ ಲೊಚಗುಟ್ಟಿದರೆ, ಅದು ನಮ್ಮ ಗೋಡೆಯ ಹಲ್ಲಿಯೋ ಪಕ್ಕದ ಮನೆಯವರು ಬಿಟ್ಟದ್ದೋ ಎಂದು ನನ್ನ ತಂಗಿ ವಿಚಾರಿಸುವಳು. ಭಾವನವರಂತೂ ಒಂದು ಮದುವೆಯ ಪಂಕ್ತಿಯಲ್ಲಿ ನೀವು ಯಾವ ಕಡೆಯವರೆಂದು ಸಾಲಾಗಿ ಕೇಳುತ್ತ ಬಂದು, ಸರಿಯಾಗಿ ಉತ್ತರ ಕೊಡದ ಒಬ್ಬನನ್ನು ಎಬ್ಬಿಸಿಬಿಟ್ಟರು. ಆತ ಮದುಮಗ. ನಾನು ಪಕ್ಕದ ಎಲೆಯಲ್ಲೇ ಇದ್ದೆ.

ಇಂಥ ದಂಪತಿಗಳಿಗೆ ಚಿನ್ಮಯಿಯೆಂಬ ಒಬ್ಬಳೇ ಮಗಳು ಹುಟ್ಟಿ, ಚುರುಕಾಗಿ ಬೆಳೆದು, ಗೊಂಬೆಗೂ ಜ್ವರ ನೋಡುತ್ತ, ನನ್ನ ಮೊಣಕಾಲಿಗೂ ಪಟ್ಟಿ ಕಟ್ಟುತ್ತ, ಡಾಕ್ಟರಾಗುವುದೊಂದನ್ನು ಬಿಟ್ಟು ಬೇರೇನನ್ನೂ ಬೇಡದೆ ದೊಡ್ಡವಳಾದಳು. ಬುದ್ಧಿ ಸೋದರಮಾವನ ಕಡೆಯಿಂದ ಬಂದದ್ದು. ನಾನೂ ಮನಸ್ಸು ಮಾಡಿದ್ದರೆ ಡಾಕ್ಟರಾಗಿಬಿಡುತ್ತಿದ್ದೆ, ರೋಗಿಗಳ ಪುಣ್ಯ ದೊಡ್ಡದು, ಮನಸ್ಸು ಮಾಡಲಿಲ್ಲ.

ಇಂತಿರಲಾಗಿ ಹುಡುಗಿ ಪಿಯುಸಿ ಮುಗಿಸಿ, ಮೆಡಿಕಲ್ ಸೀಟಿಗೆಂದು ನೀಟ್ ಬರೆಯಲು ಹೊರಟ ದಿವಸ, ಪಕ್ಕದ ಮನೆಯ ಕಮಲಾಕ್ಷಮ್ಮನವರು ಬಟ್ಟಲಲ್ಲಿ ಬಿಸಿ ಕೇಸರಿಬಾತ್ ತಂದು, ಹುಡುಗಿಗೆ ತಾವೇ ಒಂದು ಚಮಚ ತಿನ್ನಿಸಿ, "ನೀನು ಬಿಡಮ್ಮ, ಸೀಟು ತಗೊಂಡೇ ಬರ್ತೀಯ" ಎಂದು ಹರಸಿ ಕಳಿಸಿದರು. ಹುಡುಗಿ ಹೋದಳು, ಬರೆದಳು, ಬಂದಳು. ರಿಸಲ್ಟು ಬಂದಾಗ ಅಂಕಗಳು ಸೀಟಿನ ಹತ್ತಿರಕ್ಕೂ ಸುಳಿಯಲಿಲ್ಲ.

ಆಗ ಪಂಚಾಕ್ಷರಯ್ಯನವರು, ಉತ್ತರ ಪತ್ರಿಕೆ ಅದಲುಬದಲಾಗಿದೆಯೆಂದರು. ತ್ರಿವೇಣಿಯು ಒಲೆಯ ಮುಂದೆ ಕೂತು ಬಹಳ ಹೊತ್ತು ಯೋಚಿಸಿ, ಎದ್ದು, "ಆ ಕೇಸರಿಬಾತು" ಎಂದಳು. ಏನಾಯಿತೇ ಮಗು ಎಂದು ಕೇಳಿದವರಿಗೆ ಚಿನ್ಮಯಿ ತುಟಿ ಬಿಚ್ಚಲಿಲ್ಲ. ಅಮ್ಮನ ಲೆಕ್ಕದಲ್ಲಿ ಕಮಲಾಕ್ಷಮ್ಮನ ಕಣ್ಣು ತಾಗಿತ್ತು, ನಾಲಿಗೆ ತಾಗಿತ್ತು, ತುಪ್ಪವೂ ತಾಗಿತ್ತು. ಅಂದಿನಿಂದ ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಬಟ್ಟಲು ಓಡಾಡುವುದು ನಿಂತುಹೋಯಿತು. ಕಮಲಾಕ್ಷಮ್ಮನವರಿಗೆ ಕಾರಣ ತಿಳಿಯಲಿಲ್ಲ.

ಮಗಳು ಮತ್ತೊಮ್ಮೆ ಬರೆಯುತ್ತೇನೆಂದು ಹಟ ಹಿಡಿಯಲಾಗಿ, ಅಪ್ಪ ಒಪ್ಪಿ, ಇದೇ ಕೊನೆಯ ಸಲ, ಆಗದಿದ್ದರೆ ಬಿ.ಕಾಂ. ಎಂದು ಷರತ್ತು ಹಾಕಿ, ಅರ್ಜಿ ಹಾಕಿಸಿದರು. ಅಮ್ಮ ಇನ್ನೊಂದು ಷರತ್ತು ಹಾಕಿದಳು. ಎರಡನೆಯ ಸಲ ಬರೆಯುವ ಸುದ್ದಿ ಈ ಹೊಸಲು ದಾಟಕೂಡದು. ಹೀಗೆಂದು ಮಗಳು ತರೀಕೆರೆಯ ಚಿಕ್ಕಮ್ಮನ ಮನೆಗೆ ಹೋದಳೆಂದು ಬೀದಿಯಲ್ಲೆಲ್ಲ ಸಾರಿ, ಆಕೆಯನ್ನು ಹಿಂದಿನ ಕೋಣೆಯಲ್ಲಿ ಪುಸ್ತಕಗಳ ನಡುವೆ ಕೂರಿಸಿ, ಕಿಟಕಿಗೆ ಹಳೆಯ ಸೀರೆ ಕಟ್ಟಿ, ಸೀನು ಬಂದರೆ ದಿಂಬಿಗೆ ಸೀನತಕ್ಕದ್ದೆಂದು ವಿಧಿಸಿದಳು.

ಎಲೈ ಕೇಳುವವರೇ, ಮುಚ್ಚಿಟ್ಟ ಕಿಟಕಿಯನ್ನು ಬೀದಿಯವರು ನೋಡದೆ ಬಿಡುವರೇ? ಗಂಡ ಹೆಂಡಿರಿಬ್ಬರೇ ಇರುವ ಮನೆಯಲ್ಲಿ ಮೂರು ತಟ್ಟೆ ತೊಳೆಯುವ ಸದ್ದೇಕೆ? ಒಳಗಿನಿಂದ ಯಾವುದೋ ದನಿ ಬೆಳಗಿನ ಜಾವಕ್ಕೇ ಅರ್ಥವಾಗದ ಹೆಸರುಗಳನ್ನು ಜಪಿಸುವುದೇಕೆ? ಸಸ್ಯಗಳ ವೈಜ್ಞಾನಿಕ ಹೆಸರುಗಳವು, ಆದರೆ ಗೋಡೆಯಾಚೆಗೆ ಮಾಟದ ಮಂತ್ರದಂತೆಯೇ ಕೇಳಿಸುತ್ತಿದ್ದವು. ಹುಡುಗಿ ಓಡಿಹೋದಳೆಂದು ಕೆಲವರೂ, ದೆವ್ವ ಸಾಕಿದ್ದಾರೆಂದು ಕೆಲವರೂ ಅನುಮಾನಿಸಿದರು. ಆ ಕಾಂಪೌಂಡಿನ ಮೇಲೆ ಕೂರುವ ಮುನ್ನ ಕಾಗೆ ಸಹ ಅತ್ತಿತ್ತ ನೋಡುತ್ತಿತ್ತು. ಇದು ಉತ್ಪ್ರೇಕ್ಷೆಯೆಂದು ಮೂಲೆಯಲ್ಲಿ ಯಾರೋ ಮುಸಿ ನಗುತ್ತಿರುವ ಅನುಮಾನ ನನಗಿದೆ. ಅವರಿಗೆ ತೀರ್ಥವನ್ನು ಕೊನೆಗೆ ಕೊಡುವುದು.

ಇದೆಲ್ಲದರ ನಡುವೆ ಹುಡುಗಿ ಬಾಡಿದಳು. ಮನೆಯಲ್ಲೇ ಬರೆಯುವ ಮಾದರಿ ಪರೀಕ್ಷೆಗಳಲ್ಲಿ ಅಂಕ ಏರುವ ಬದಲು ಇಳಿಯುತ್ತ ಬಂತು. ಉತ್ತರ ಬರೆಯುವಳು, ಅನುಮಾನ ಬಂದು ಹೊಡೆಯುವಳು, ಮತ್ತೆ ಬರೆಯುವಳು. ಪುಸ್ತಕ ತಪ್ಪು ಅಚ್ಚಾಗಿದೆಯೇನೋ ಎಂದು ಇನ್ನೊಂದು ಪುಸ್ತಕ ನೋಡುವಳು. "ಮಾವ, ನಂಗೆ ನಂದೇ ತಲೆ ಮೇಲೆ ನಂಬಿಕೆ ಇಲ್ಲ" ಎಂದು ನನ್ನೆದುರು ಅತ್ತಳು. ನಾನು, ನನ್ನ ತಲೆ ಕೊಡಲೇ ಎಂದೆ. ಬೇಡವೆಂದಳು.

ಹೀಗಿರುವಲ್ಲಿ ಒಂದು ಮಧ್ಯಾಹ್ನ, ಕೆಂಪಂಚಿನ ಸೀರೆಯುಟ್ಟು, ಹಣೆ ತುಂಬ ಕುಂಕುಮವಿಟ್ಟ ಒಬ್ಬ ಮುದಿ ಮುತ್ತೈದೆ ರೈಲಿಳಿದು ಬರಲಾಗಿ, ಪಂಚಾಕ್ಷರಯ್ಯನವರು ಕೈಯೊಡ್ಡಿ, "ಅಜ್ಜಿ, ಟಿಕೆಟ್ ತೋರಿಸಿ" ಎಂದರು.

"ಊರೋರ ಟಿಕೆಟ್ಟೆಲ್ಲ ನೋಡ್ತೀಯಲ್ಲಪ್ಪ, ಒಂದ್ಸಲ ನಿನ್ನ ಮಗಳ ಮುಖ ನೋಡು" ಎಂದಳು ಮುದುಕಿ. "ಮನೇಲಿದ್ದೂ ಊರಲ್ಲಿಲ್ಲದ ಹಾಗೆ ಮಾಡಿದೀರ ಅದನ್ನ."

ಭಾವನವರು ಒಡ್ಡಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಆದರೂ ಅಭ್ಯಾಸಬಲದಿಂದ, "ಯಾರು ಹೇಳಿದ್ದು ನಿಮಗೆ? ಎಲ್ಲಿಂದ ಹತ್ತಿದ್ರಿ?" ಎಂದು ಕೇಳಿದರು. ಆಕೆ ನಕ್ಕು, ಬೆಂಚಿನ ಮೇಲೆ ಕೂತು, ನಂಬುಗೆ ಗೌರಿಯ ವ್ರತವನ್ನು ಉಪದೇಶಿಸಿದಳು. ಅದರ ವಿಧಾನವೇನೆಂದರೆ, ಅರಿಶಿನದ ಗೌರಿಯನ್ನು ಕೂರಿಸಿ ದೀಪ ಹಚ್ಚಿ, ಅನುಮಾನ ಯಾರ ಮೇಲೆ ಎಲ್ಲರಿಗಿಂತ ಹೆಚ್ಚೋ ಅವರನ್ನು ಕರೆದು, ಅವರ ಕೈಯಿಂದಲೇ ವ್ರತದ ದಾರ ಕಟ್ಟಿಸಿಕೊಳ್ಳಬೇಕು. ನೈವೇದ್ಯ ಅವರ ಒಲೆಯ ಮೇಲೆಯೇ ಆಗಬೇಕು. ಅದನ್ನು ಮೂಸದೆ, ಇದರಲ್ಲಿ ಏನು ಹಾಕಿದ್ದೀರೆಂದು ಕೇಳದೆ ತಿನ್ನಬೇಕು. ಕಡೆಯಲ್ಲಿ, ಮೊದಲ ಸಲ ಸೋತದ್ದು ಹೇಗೆಂದು ದೀಪದ ಮುಂದೆ ಎಲ್ಲರೂ ಕೇಳುವಂತೆ ಬಾಯಿಬಿಟ್ಟು ಹೇಳಬೇಕು. ಇಷ್ಟು ಹೇಳಿ ಆಕೆ ಜನರ ನಡುವೆ ಮರೆಯಾದಳು. ಭಾವನವರು ಟಿಕೆಟ್ ಇಲ್ಲದೆ ಬಿಟ್ಟದ್ದು ಸರ್ವೀಸಿನಲ್ಲೇ ಆಕೆಯೊಬ್ಬಳನ್ನು.

ತ್ರಿವೇಣಿಯು ವಿಧಾನವನ್ನು ಕೇಳಿ, ಆ ಮುದುಕಿಯನ್ನು ಕಮಲಾಕ್ಷಮ್ಮನೇ ಕಳಿಸಿರಬಹುದೆಂದು ಮೊದಲು ಅನುಮಾನಿಸಿದಳು. ಆಮೇಲೆ ವ್ರತಕ್ಕೂ ಒಂದು ಉಪಾಯ ಹುಡುಕಿ, "ನಮ್ಮನೇಲಿ ಎಲ್ಲರಿಗಿಂತ ಅನುಮಾನ ಬರೋ ಮನುಷ್ಯ ನಮ್ಮಣ್ಣಾನೇ" ಎಂದು ನನ್ನನ್ನು ಕರೆಸಿದಳು. ನನಗೆ ಹೆಮ್ಮೆಯೇ ಆಯಿತು. ಹೊಸ ಪಂಚೆಯುಟ್ಟು ಹೋಗಿ, ಹುಡುಗಿಯ ಕೈಗೆ ದಾರ ಸುತ್ತಿ, ಗಂಟನ್ನು ಆನೆ ಎಳೆದರೂ ಬಿಚ್ಚದಂತೆ ಬಿಗಿದು ಕಟ್ಟಿದೆ. ಆದರೆ ಗೌರಿ ಮೋಸ ಹೋಗುವಳೇ? ಅದೇ ದಿವಸ ಊಟಕ್ಕೆ ಕೂತಾಗ ದಾರ ತಾನೇ ಕಳಚಿ ಸಾರಿನಲ್ಲಿ ಬಿತ್ತು. ಮರುದಿವಸದ ಮಾದರಿ ಪರೀಕ್ಷೆಯಲ್ಲಿ ಹುಡುಗಿಯ ಅಂಕ ಇನ್ನೂ ಕೆಳಗಿಳಿಯಿತು. ಪರೀಕ್ಷೆ ಹತ್ತಿರವಾಗಿತ್ತು. ಚಿನ್ಮಯಿ ಪೆನ್ನು ಕೆಳಗಿಟ್ಟು, "ಬಿ.ಕಾಂ. ಅರ್ಜಿನೇ ತಂದುಬಿಡಿ ಅಪ್ಪ" ಎಂದಳು.

ಅದನ್ನು ಕೇಳಿದ ನನ್ನ ತಂಗಿ ಎದ್ದು, ಮುಖ ತೊಳೆದು, ಕುಂಕುಮದ ಬಟ್ಟಲು ಹಿಡಿದು, ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತಳು. ಬೆಂಗಾವಲಿಗೆ ನಾನೂ ಹೋದೆ.

ಕಮಲಾಕ್ಷಮ್ಮನವರು ಬಾಗಿಲು ತೆರೆದು, ಮೇಲೆ ಕೆಳಗೆ ನೋಡಿ, "ದಾರಿ ತಪ್ಪಿ ಬಂದ್ಯೇನೇ?" ಎಂದರು.

"ಅಕ್ಕ, ಒಂದು ವ್ರತ ಇದೆ. ನೀವೇ ಬಂದು ದಾರ ಕಟ್ಟಬೇಕು."

"ನಾನೇ ಯಾಕೆ? ಬೀದಿ ತುಂಬ ಮುತ್ತೈದೇರಿದಾರೆ."

ನನ್ನ ತಂಗಿ ಹೊಸಲು ನೋಡುತ್ತ, ವಿಧಾನ ಹೇಳಿದಳು. ಕಮಲಾಕ್ಷಮ್ಮನವರು ಪೂರ್ತಿ ಕೇಳಿದರು.

"ಅಂದ್ರೆ ನಿನ್ನ ಮನಸ್ಸಲ್ಲಿ ಮೊದಲನೇ ರ‍್ಯಾಂಕು ನಂದೇ ಅನ್ನು."

"ಹೂಂ ಅಕ್ಕ."

"ಏನು ಮಾಡಿದೆ ಅಂತ?"

"ಕೇಸರಿಬಾತು."

ಕಮಲಾಕ್ಷಮ್ಮನವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಬಳಿಕ, "ನೋಡೇ ತ್ರಿವೇಣಿ, ನಿಮ್ಮನೇಲಿ ಯಾರನ್ನೋ ಕೂಡಿ ಹಾಕಿದೀರ, ಪೊಲೀಸ್ನೋರಿಗೆ ಹೇಳೋದೋ ಬೇಡ್ವೋ ಅಂತ ನಾನು ತಿಂಗಳಿಂದ ಒದ್ದಾಡ್ತಿದೀನಿ. ನಿಮ್ಮಣ್ಣ ಬಂದು ಹೋಗೋದು ನೋಡಿ ಅನುಮಾನ ಇನ್ನೂ ಜಾಸ್ತಿ ಆಗಿತ್ತು" ಎಂದರು. ನನ್ನ ಕಡೆ ನೋಡಿದರು. ನಾನು ಮೀಸೆ ಸರಿಮಾಡಿಕೊಂಡೆ. "ಒಳಗಿರೋದು ಚಿನ್ಮಯೀನಾ? ಅಯ್ಯೋ ಮಗುವೇ. ನಡಿ, ರವೆ ಹುರೀತೀನಿ."

ಅಂದು ಸಂಜೆ ಕಿಟಕಿಯ ಸೀರೆ ಬಿಚ್ಚಿ, ಗೌರಿಯನ್ನು ಕೂರಿಸಿ, ಬೀದಿಯ ಹೆಂಗಸರನ್ನೆಲ್ಲ ಕರೆದು, ದೀಪ ಹಚ್ಚಿದರು. ಕಮಲಾಕ್ಷಮ್ಮನವರು ಹುಡುಗಿಯ ಕೈಗೆ ದಾರ ಕಟ್ಟಿ, ಕೇಸರಿಬಾತ್ ಮುಂದಿಟ್ಟರು. ತ್ರಿವೇಣಿಯ ಮೂಗು ತಾನಾಗಿಯೇ ಅರಳಿತು. ಕೂಡಲೇ ಸೆರಗಿನಿಂದ ಮೂಗು ಮುಚ್ಚಿಕೊಂಡು, ಮೊದಲ ತುತ್ತನ್ನು ಕಣ್ಣು ಮುಚ್ಚಿ ನುಂಗಿದಳು. ಪಂಚಾಕ್ಷರಯ್ಯನವರು ದ್ರಾಕ್ಷಿಯನ್ನು ತಿರುಗಿಸಿ ನೋಡಲು ಹೋಗಿ, ಕೈ ತಡೆದು, ಬಾಯಿಗೆ ಹಾಕಿಕೊಂಡರು. ಅದಾದ ಮೇಲೆ ಚಿನ್ಮಯಿ ಹೇಳುವ ಸರದಿ ಬಂತು.

"ಮನುಷ್ಯನ ಹೃದಯಕ್ಕೆ ಎಷ್ಟು ಕೋಣೆ ಅಂತ ಕೇಳಿದ್ರು" ಎಂದಳು ದೀಪವನ್ನೇ ನೋಡುತ್ತ. "ನಾಲ್ಕು ಅಂತ ನಂಗೆ ಗೊತ್ತಿತ್ತು. ಇಷ್ಟು ಸುಲಭದ್ದನ್ನ ಯಾಕೆ ಕೇಳ್ತಾರೆ, ಇದರಲ್ಲಿ ಏನೋ ಇದೆ ಅನ್ನಿಸ್ತು. ತಪ್ಪಾದ್ರೆ ಅಂಕ ಕಳೀತಾರೆ. ಬಿಟ್ಟೆ. ಹಂಗೇ ಸುಲಭವಾಗಿದ್ದನ್ನೆಲ್ಲ ಬಿಡ್ತಾ ಹೋದೆ. ಕಷ್ಟದ್ದನ್ನ ಮಾತ್ರ ಬರೆದೆ. ಕಷ್ಟವಾಗಿರೋದು ಮೋಸ ಮಾಡಲ್ಲ ಅಂತ."

ಪಂಚಾಕ್ಷರಯ್ಯನವರು ಸಣ್ಣ ದನಿಯಲ್ಲಿ, "ಇಷ್ಟು ದಿವಸ ಯಾಕೆ ಹೇಳಲಿಲ್ಲ ಮಗಳೇ?" ಎಂದರು.

"ಹೇಳಿದ್ರೆ ನೀವು ನಂಬ್ತಿದ್ರಾ ಅಪ್ಪ?"

ಆಗ ಆ ತಂದೆಯು, ಸುಮ್ಮನೆ ಕೈಗೆ ಬಂದದ್ದನ್ನು ಎಂದೂ ನಂಬಬೇಡವೆಂದು ಮಗುವಿಗೆ ಅನ್ನ ಕಲಸುವಾಗಿನಿಂದ ಹೇಳಿಕೊಟ್ಟವನು ತಾನೇ ಎಂದು ನೆನೆದು, ದೀಪಕ್ಕೂ ಮಗಳಿಗೂ ಕೈ ಮುಗಿದನು. ಹುಡುಗಿ ಮರುದಿವಸದಿಂದ ಕಿಟಕಿ ತೆರೆದು, ಬೀದಿಗೆಲ್ಲ ಕೇಳಿಸುವಂತೆ ಓದಿದಳು. ಕಮಲಾಕ್ಷಮ್ಮನವರಿಗೆ ಈಗ ಮೂತ್ರಪಿಂಡದ ಭಾಗಗಳೆಲ್ಲ ಬಾಯಿಪಾಠ.

ಪರೀಕ್ಷೆಯ ದಿವಸ ಎಲ್ಲರೂ ಕೂಡಿ ಹಾಸನಕ್ಕೆ ಹೋದರೆ, ಗೇಟಿನಲ್ಲಿ ಕಾವಲಿನವನು ತಡೆದು, ದಾರ ಬಿಚ್ಚದೆ ಒಳಗೆ ಬಿಡುವಂತಿಲ್ಲವೆಂದನು. ತಡೆಗೆ ಕಟ್ಟಿದ ಹಗ್ಗದಾಚೆ ನಿಂತ ತ್ರಿವೇಣಿ ಹಗ್ಗ ಹಿಡಿದು ಮುಂದೆ ಬಾಗಿದಳು. ವ್ರತಭಂಗವೋ, ಇವನ ಹಿಂದೆ ಯಾರಿದ್ದಾರೋ, ಬೇಕೆಂದೇ ಮಾಡುತ್ತಿರುವನೋ ಎಂದು ಹಳೆಯ ಅನುಮಾನಗಳೆಲ್ಲ ಒಟ್ಟಿಗೆ ಎದ್ದು, "ಬಿಚ್ಬೇಡ ಕಣೇ, ತಡಿ, ಅಪ್ಪ ಮಾತಾಡ್ತಾರೆ" ಎಂದು ಕೂಗಿದಳು. ಗಂಟೆ ಬಾರಿಸುವ ಹೊತ್ತಾಗಿತ್ತು. ನಾವು ನಿಂತದ್ದು ದೂರ, ನಡುವೆ ಜನ. ಚಿನ್ಮಯಿ ಒಮ್ಮೆ ಅಮ್ಮನನ್ನು ನೋಡಿ, ಒಮ್ಮೆ ಗೇಟನ್ನು ನೋಡಿ, ಹಲ್ಲಿನಿಂದ ಗಂಟು ಬಿಚ್ಚಿ, ಹತ್ತಿರ ನಿಂತಿದ್ದ, ತನ್ನ ಮಗನನ್ನು ಪರೀಕ್ಷೆಗೆ ಬಿಡಲು ಬಂದಿದ್ದ, ಹೆಸರೂ ಊರೂ ಗೊತ್ತಿಲ್ಲದ ಹೆಂಗಸಿನ ಕೈಗೆ ಆ ದಾರವನ್ನು ಕೊಟ್ಟು, "ಇಟ್ಕೊಂಡಿರಿ ಅಮ್ಮ, ಬಂದು ತಗೋತೀನಿ" ಎಂದು ತಿರುಗಿ ನೋಡದೆ ಒಳಗೆ ಹೋದಳು.

ಆ ಹೆಂಗಸು ಮುಷ್ಟಿ ಬಿಗಿ ಹಿಡಿದವಳು ಬಿಡಲಿಲ್ಲ. ತ್ರಿವೇಣಿ ಮೊದಲು ಆ ಮುಷ್ಟಿಯನ್ನೇ ಕಾಯುತ್ತ ನಿಂತಳು. ಬಿಸಿಲು ಚುರುಗುಟ್ಟತೊಡಗಿದ ಮೇಲೆ ಅವಳ ಪಕ್ಕಕ್ಕೆ ಹೋಗಿ ಕೊಡೆ ಹಿಡಿದಳು. ಆಮೇಲೆ ತನ್ನ ಬಾಟಲಿಯ ಮಜ್ಜಿಗೆ ಕೊಟ್ಟಳು. ಅವಳು ಮೂಸದೆ ಕುಡಿದಳು. ನನ್ನ ತಂಗಿ ಅದನ್ನು ಬೆರಗಿನಿಂದ ನೋಡಿದಳು.

ಹುಡುಗಿ ಹೊರಗೆ ಬಂದು, ದಾರ ಇಸಿದುಕೊಂಡು, "ಸುಲಭವಾಗಿದ್ದನ್ನ ಒಂದೂ ಬಿಟ್ಟಿಲ್ಲ" ಎಂದಳು. ಮುಂದೆ ರಿಸಲ್ಟು ಬಂದು, ಅಂಕಗಳು ಬೇಕಾದ್ದಕ್ಕಿಂತ ಮೇಲೆ ನಿಂತು, ಸರ್ಕಾರಿ ಕಾಲೇಜಿನಲ್ಲೇ ಮೆಡಿಕಲ್ ಸೀಟು ದೊರಕಿ, ಬಿಳಿ ಕೋಟು ತೊಟ್ಟ ಚಿನ್ಮಯಿಯನ್ನು ಬೀದಿಯವರೆಲ್ಲ ಆರತಿಯೆತ್ತಿ ಕಳಿಸಿಕೊಟ್ಟರು. ಪಂಚಾಕ್ಷರಯ್ಯನವರು ಅಂದು ಪ್ಲಾಟ್‌ಫಾರಂನಲ್ಲಿ ಒಬ್ಬರ ಟಿಕೆಟ್ಟನ್ನೂ ಕೇಳಲಿಲ್ಲ.

ಈ ಕಥೆಯನ್ನು ಓದಿದವರಿಗೂ, ತೂಕಡಿಸದೆ ಕೇಳಿದವರಿಗೂ, ಒಂದು ಸಲ ಸೋತು ಮತ್ತೆ ಅರ್ಜಿ ಹಾಕಿದವರಿಗೂ, ಹಾಕಿಸಿದವರಿಗೂ ನಂಬುಗೆ ಗೌರಿಯು ಅದೇ ಫಲವನ್ನು ಕೊಡುವಳು. ತೂಕಡಿಸಿದವರಿಗೆ ಅರ್ಧ ಫಲ.

ಈಗ ನೀವೆಲ್ಲ ಕಣ್ಣು ಕಿರಿದು ಮಾಡಿ ನನ್ನನ್ನು ನೋಡುತ್ತಿರುವುದು ಗೊತ್ತು. ಮುದುಕಿಯ ಮೇಲೆ ಅನುಮಾನ ತಾನೇ? ಮುದುಕಿ ದಿಟ. ಮದುಮಗನೂ ದಿಟ. ಕಾಗೆಯೂ ದಿಟ. ಒಂದೇ ಒಂದು ಸಣ್ಣ ಸಂಗತಿಯನ್ನು ಮಾತ್ರ ನಾನು ಕೈಯಿಂದ ಸೇರಿಸಿದ್ದೇನೆ, ಆ ಸೀಟು. ರಿಸಲ್ಟು ಇನ್ನೂ ಬಂದಿಲ್ಲ, ನಾಳೆ ಬರುತ್ತದಂತೆ. ಹುಡುಗಿ ಕಂಬಕ್ಕೊರಗಿ, ನಾನು ಹೇಳಿದ್ದನ್ನೆಲ್ಲ ಆಗಿಹೋದದ್ದೆಂಬಂತೆ ಕೇಳುತ್ತ ಕೂತಿದ್ದಾಳೆ. ನೀವೂ ಹಾಗೆಯೇ ಕೇಳಿದಿರಿ, ಒಬ್ಬರೂ ಬಾಯಿ ಹಾಕಲಿಲ್ಲ. ಏಳಿ, ಅಕ್ಷತೆ ತಗೊಳ್ಳಿ, ಮೊದಲು ಅವಳ ತಲೆಯ ಮೇಲೆ ಹಾಕಿ.