ಆರನೆಯ ಪಾಲು ನೀರು

ನನ್ನ ಹಳೆಯ ದಿನಚರಿಯಲ್ಲಿ ಮಾಘ ಬಹುಳ ತದಿಗೆ, ಬುಧವಾರದ ಪುಟದಲ್ಲಿ ಅಂದಿನ ಡಂಗುರವನ್ನು ಬರೆದಿಟ್ಟಿದ್ದೇನೆ: "ಹೊಳೆಸಾಲು ಸಂಸ್ಥಾನದ ಪ್ರಜೆಗಳೆಲ್ಲ ಕೇಳಿ. ಅರಮನೆಯಲ್ಲಿ ಮೂರು ಒಗಟು ಕೇಳಲಾಗುವುದು. ಮೂರೂ ನೀರಿನ ಅಳತೆಗೆ ಸೇರಿದವು. ಬಿಡಿಸಿದವರಿಗೆ ಊರ ನೀರಿನ ಅಧಿಕಾರ, ಜೊತೆಗೆ ಬೇಡಿದ್ದೊಂದು. ಒಂದು ತಪ್ಪಿದರೂ ಗಲ್ಲು."

ಮೊದಲ ಎರಡು ಒಗಟು ನನ್ನವು. ಗಲ್ಲಿನ ಷರತ್ತು ನನ್ನ ಮಗ ವಿಜಯರಂಗನದು. ನಮ್ಮ ವಂಶದಲ್ಲಿ ಕಾಲೇಜಿಗೆ ಹೋಗಿ ಭೌತಶಾಸ್ತ್ರದ ಪದವಿ ತಂದವಳು ನಾನೊಬ್ಬಳೇ. ಆದರೂ ಅರಸನಾದ ಮಗನಿಗೆ ಹೇಳಿ ಹೇಳಿ ನನಗೆ ಸಾಕಾಗಿ ಹೋಗಿತ್ತು.

ಇಷ್ಟಕ್ಕೆಲ್ಲ ಕಾರಣ ಒಂದು ಪಂಪು. ಹೊರದೇಶದಿಂದ ಬಂದ ಅದರ ತಗಡಿನ ಮೇಲೆ 'ನಿಮಿಷಕ್ಕೆ ನೂರು ಗ್ಯಾಲನ್' ಎಂದಿತ್ತು. ನಮ್ಮ ತೊಟ್ಟಿಯ ಗುರುತುಗಳು ಲೀಟರಿನಲ್ಲಿದ್ದವು. ಗ್ಯಾಲನ್ನಿಗೆ ನಾಲ್ಕೂವರೆ ಲೀಟರ್ ಹಿಡಿದು, ನಿಮಿಷಕ್ಕೆ ನಾನೂರೈವತ್ತು ಲೀಟರ್ ಬರಬೇಕೆಂದು ಅರಸ ಲೆಕ್ಕ ಹಾಕಿದ. ಗುಣಾಕಾರವನ್ನು ನಾನೇ ನೋಡಿದೆ, ಸರಿಯಾಗಿತ್ತು. ಆದರೆ ತೊಟ್ಟಿಯಲ್ಲಿ ದಿನವೂ ಹೆಚ್ಚುಕಡಿಮೆ ಆರನೇ ಒಂದು ಪಾಲು ನೀರು ಕಡಿಮೆ. ಅರಸ ಪಂಪುಮನೆಯ ಕಾವಲುಗಾರ ಪುಟ್ಟಮಾದನನ್ನು ನೀರುಗಳ್ಳನೆಂದು ಸೆರೆಗೆ ತಳ್ಳಿ, ಪಂಪುಮನೆಯೊಳಗೆ ಸಿಪಾಯಿಗಳನ್ನಿಟ್ಟು, ಬೇರೆ ಯಾರೂ ಕಾಲಿಡದಂತೆ ಬೀಗ ಹಾಕಿಸಿದ. ಮುಂದಿನ ಯುಗಾದಿಯ ಮರುದಿನ ಗಲ್ಲು ಎಂದು ತೀರ್ಮಾನವಾಯಿತು.

"ನೀನು ಹಿಡಿಸಿದವನು ತಿಂಗಳುಗಟ್ಟಲೆ ಒಳಗಿದ್ದರೂ ನೀರು ಕಡಿಮೆ ಬರುತ್ತಿದೆಯಲ್ಲಪ್ಪ?" ಎಂದೆ.

"ಅವನ ಜೊತೆಗಾರರು ಹೊರಗಿದ್ದಾರೆ, ಅಮ್ಮಾಜಿ. ನಿಮ್ಮ ಕಾಲೇಜಿನಲ್ಲಿ ಕಳ್ಳರ ಪಾಠ ಮಾಡಿರಲಿಲ್ಲ."

ಆಗ ಒಗಟಿನ ಪರೀಕ್ಷೆ ಇಡು ಎಂದವಳು ನಾನು. ಅಳತೆ ತಿಳಿದವನೊಬ್ಬ ಸಿಕ್ಕಿ, ಕೊರತೆ ಎಲ್ಲಿಂದ ಬಂತೆಂದು ತೋರಿಸಿದರೆ ಸಾಕಾಗಿತ್ತು. ಮಗ ಅದಕ್ಕೆ ಗಲ್ಲು ಸೇರಿಸಿ, ಮೂರನೆಯ ಒಗಟನ್ನು ತಾನೇ ಕಟ್ಟಿದ.

ಮೊದಲು ಬಂದವನು ದಿವಾನರ ಅಳಿಯ ಶೇಷಗಿರಿ. ನಾನು ಕೇಳಿದೆ: "ತಾಯಿ ಮಗುವಿಗಿಂತ ಮೂರು ಪಟ್ಟು ಎತ್ತರ, ಮೇಲೆ ತುಸು. ಆದರೂ ಅವಳ ಒಡಲಲ್ಲಿ ಅಂಥ ಮೂವತ್ತೈದು ಮಕ್ಕಳಿಗೆ ಜಾಗವಿದೆ. ಯಾರವರು?"

"ಮೀನು, ಅದರ ಮೊಟ್ಟೆ," ಎಂದ ಶೇಷಗಿರಿ, ಮೀಸೆ ನೀವಿಕೊಂಡು.

"ಅಳತೆಯ ಒಗಟು ಅಂತ ಸಾರಿಸಿದ್ದೆವಲ್ಲೋ!" ಎಂದು ನಾನು ತಲೆ ಚಚ್ಚಿಕೊಂಡೆ. ಯುಗಾದಿಯ ಮರುದಿನದ ಗಲ್ಲಿಗೆ ಕಾಯಲೆಂದು ಅವನನ್ನು ಸೆರೆಗೆ ಎಳೆದೊಯ್ದರು.

ಎರಡನೆಯವನು ಪಟ್ಟಣದ ಇಂಜಿನಿಯರ್ ಪದ್ಮನಾಭ. ನನ್ನ ಎರಡೂ ಒಗಟನ್ನು ಥಟ್ಟನೆ ಬಿಡಿಸಿದ. ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅರಸ ತನ್ನದನ್ನು ಕೇಳಿದ: "ಹೊರಟದ್ದು ಆರು ಪಾಲು, ತಲುಪಿದ್ದು ಐದು. ದಾರಿಯಲ್ಲಿ ಒಂದು ಪಾಲು ಕುಡಿದವನು ಯಾರು?"

"ಬಿಸಿಲು, ಮಹಾಸ್ವಾಮಿ."

"ಕೊಳವೆ ನೆಲದಡಿಯಲ್ಲಿದೆ," ಎಂದ ಅರಸ. ಅವನನ್ನೂ ಎಳೆದೊಯ್ದರು. ಮತ್ತೆ ಯಾರೂ ಬರಲಿಲ್ಲ. ಫಾಲ್ಗುಣ ಮುಗಿಯುತ್ತ ಬಂತು. ಹಬ್ಬದ ದಿನಗಳು ಹತ್ತಿರವಾದಷ್ಟೂ ನನಗೆ ಊಟ ಸೇರದಾಯಿತು.

ಯುಗಾದಿಗೆ ಎರಡು ದಿನವಿರುವಾಗ ಚನ್ನಂಜ ಬಂದ. ಸಂತೆಯಿಂದ ಸಂತೆಗೆ ಮಂಡಕ್ಕಿ ಮಾರುವವನು, ಪುಟ್ಟಮಾದನ ತಮ್ಮ. ಹೆಗಲ ಮೇಲೆ ಇನ್ನೂ ಖಾಲಿ ಚೀಲವಿತ್ತು.

"ಮಂಡಕ್ಕಿಯವನೇ, ನಿನ್ನ ಹೆಣವೂ ಹಗುರವೇ ಇರುತ್ತದೆ, ಹೊರುವವರಿಗೆ ಸುಖ," ಎಂದು ಸಭೆಯಲ್ಲಿ ಯಾರೋ ನಕ್ಕರು.

"ಹೊರೋಕೆ ನಮ್ಮಣ್ಣ ಬದುಕಿರ್ಬೇಕಲ್ಲ ಬುದ್ಧಿ. ಅದಕ್ಕೇ ಬಂದೆ."

ನನ್ನ ಮೊದಲ ಒಗಟು ಕೇಳಿ ಅವನು ಖಾಲಿ ಚೀಲವನ್ನು ನೆಲದ ಮೇಲೆ ಹಾಸಿ ನೋಡಿದ. "ಚೀಲ ಉದ್ದ ಬೆಳೆದ್ರೆ ಅಗಲಾನೂ ಬೆಳೀತದೆ, ದಪ್ಪಾನೂ ಬೆಳೀತದೆ. ಮೂರು ಕಡೆಯಿಂದ್ಲೂ ಮೂರು ಪಟ್ಟು ಅಂದ್ರೆ ಮೂರು ಮೂರ್ಲ ಒಂಬತ್ತು, ಒಂಬತ್ತು ಮೂರ್ಲ ಇಪ್ಪತ್ತೇಳು. ಮೇಲಿನ ತುಸುವೂ ಮೂರು ಕಡೆ ಸೇರಿದ್ರೆ ಮೂವತ್ತೈದಾದೀತು. ಮೀಟರು ಅಡಿಗಿಂತ ಅಷ್ಟೇ ಉದ್ದ ಅಲ್ವಾ ಅವ್ವಾರೇ? ತಾಯಿ ಮೀಟರಿನ ಪೆಟ್ಟಿಗೆ, ಮಗು ಅಡಿಯ ಪೆಟ್ಟಿಗೆ."

ಸರಿಯಾಗಿತ್ತು. ಸೆಕೆಂಡಿಗೆ ಒಂದು ಘನಮೀಟರ್ ಹರಿದರೆ ಮೂವತ್ತೈದು ಘನ ಅಡಿ ಹರಿದಂತೆ.

ಎರಡನೆಯದನ್ನು ಕೇಳಿದೆ: "ಕೊಡದಲ್ಲಿ ಹಿಡಿದಿಟ್ಟರೆ ಸಾಯುತ್ತೇನೆ. ಲೀಟರೊಂದೇ ನನ್ನನ್ನು ಅಳೆಯಲಾರದು, ಗಡಿಯಾರವೊಂದೇ ಅಳೆಯಲಾರದು. ಇಬ್ಬರೂ ಕೂಡಿ ಬಂದರೆ ಸಿಗುತ್ತೇನೆ. ಯಾರು ನಾನು?"

"ಹರಿವು. ಕೊಡದಾಗೆ ನೀರಿರ್ತದೆ, ಹರಿವು ಇರಕ್ಕಿಲ್ಲ. ಎಷ್ಟು ನೀರು, ಎಷ್ಟು ಹೊತ್ನಲ್ಲಿ, ಎರಡೂ ಹೇಳ್ಬೇಕು."

ಅರಸ ಸಿಂಹಾಸನದಿಂದ ಮುಂದಕ್ಕೆ ಬಾಗಿ ಮೂರನೆಯದನ್ನು ಕೇಳಿ, "ನಿಮ್ಮಣ್ಣನ ಹೆಸರು ಹೇಳಿಬಿಡು, ನೀನಾದರೂ ಉಳಿಯುತ್ತೀಯ," ಎಂದ.

ಚನ್ನಂಜ ಚೀಲ ಮಡಚಿ ಮತ್ತೆ ಹೆಗಲಿಗೇರಿಸಿದ. "ಕುಡಿದವನು ಯಾರು ಅಂತ ಆಮೇಲೆ ಹೇಳ್ತೀನಿ ಬುದ್ಧಿ. ಆರು ಪಾಲು ಹೊರಟಿದ್ದನ್ನ ಕಂಡವರು ಯಾರು?"

ತೊಟ್ಟಿಗೆ ಬಿದ್ದ ನೀರನ್ನು ಎಲ್ಲರೂ ಅಳೆದಿದ್ದರು. ಪಂಪಿನ ಬಾಯಿಂದ ಹೊರಟದ್ದನ್ನು ಕಾಗದದ ಮೇಲೆ ಮಾತ್ರ ನೋಡಿದ್ದರು.

ಬೀಗ ತೆಗೆಸಿದೆವು. ಇನ್ನೂರು ಲೀಟರಿನ ಪೀಪಾಯಿಯನ್ನು ಪಂಪಿನ ಬಾಯಿಗೇ ಒಡ್ಡಿದರು. ಅರಸನ ಲೆಕ್ಕದಂತೆ ಅದು ಇಪ್ಪತ್ತೇಳು ಸೆಕೆಂಡಿಗೆ ತುಂಬಬೇಕು. ಅವನು ತನ್ನ ಕೈಗಡಿಯಾರ ನೋಡುತ್ತ ತಾನೇ ಎಣಿಸಿದ. ಇಪ್ಪತ್ತೇಳು ಎಂದಾಗ ಪೀಪಾಯಿಯ ಕಂಠ ಇನ್ನೂ ಬರಿದಾಗಿತ್ತು. ಮೂವತ್ತೆರಡಕ್ಕೆ ನೀರು ಅಂಚು ಮೀರಿತು.

"ಕುಡಿದವನು ಯಾರೂ ಇಲ್ಲ ಬುದ್ಧಿ. ಆ ಪಾಲು ಹೊರಟೇ ಇಲ್ಲ," ಎಂದ ಚನ್ನಂಜ.

"ತಗಡು ಸುಳ್ಳು ಹೇಳುತ್ತದೆಯೇ?"

"ಅದು ನಂಗೊತ್ತಿಲ್ಲ. ನಮ್ಮ ಸಂತೆಯ ಸೇರು ಆಚೆ ಸಂತೆಯಲ್ಲಿ ನಡೆಯಕ್ಕಿಲ್ಲ. ಈ ಪಂಪು ಯಾವ ಸಂತೆಯದು?"

ಅಮೆರಿಕದ್ದು. ನಾನು ಓಡಿಹೋಗಿ ನನ್ನ ಹಳೆಯ ಕಾಲೇಜು ಪುಸ್ತಕದ ಅಳತೆ ಕೋಷ್ಟಕ ತೆರೆದೆ. ಇಂಗ್ಲೆಂಡಿನ ಗ್ಯಾಲನ್ ನಾಲ್ಕೂವರೆ ಲೀಟರ್. ಅಮೆರಿಕದ್ದು ನಾಲ್ಕಕ್ಕೂ ಕಡಿಮೆ. ನೂರು ಗ್ಯಾಲನ್ ಅಂದರೆ ಮುನ್ನೂರ ಎಪ್ಪತ್ತೆಂಟು ಲೀಟರ್ ಮಾತ್ರ. ಗಟ್ಟಿಯಾಗಿ ಓದಿ ಹೇಳಿದೆ. ಮಗ ನನ್ನ ಮುಖ ನೋಡಲಿಲ್ಲ.

"ಏನು ಬೇಕೋ ಕೇಳು," ಎಂದ, ಪೀಪಾಯಿಯ ಕಡೆ ತಿರುಗಿ.

"ಅಣ್ಣ ಬೇಕು."

ಪುಟ್ಟಮಾದನೊಂದಿಗೆ ಶೇಷಗಿರಿ, ಪದ್ಮನಾಭರನ್ನೂ ಬಿಟ್ಟರು. ಒಗಟು, ಗಲ್ಲು ಎರಡೂ ರದ್ದಾದವು. ನೀರಿನ ಅಧಿಕಾರ ಚನ್ನಂಜನಿಗೆ ಬಂತು. ಒಂದು ಮಾತು ಕ್ಷಮೆ ಕೇಳು ಎಂದು ಮಗನಿಗೆ ಎಷ್ಟೋ ಸಲ ಹೇಳಿದೆ, ಕೇಳಲಿಲ್ಲ.

ಆ ತಪ್ಪು ಲೆಕ್ಕಕ್ಕೆ ತೆತ್ತ ಬೆಲೆಯನ್ನೂ ಬರೆದಿಡುತ್ತೇನೆ. ಪದ್ಮನಾಭ ಊರು ಬಿಟ್ಟ. ಪುಟ್ಟಮಾದ ಹನ್ನೊಂದು ತಿಂಗಳು ಕತ್ತಲಲ್ಲಿದ್ದ, ಬಲಗಣ್ಣಿನ ದೃಷ್ಟಿ ಹೋಯಿತು. ಅವನ ತಾಯಿ ಫಾಲ್ಗುಣದಲ್ಲಿ ತೀರಿಕೊಂಡಿದ್ದಳು. ಮಗ ನೀರು ಕದ್ದನೆಂದೇ ಅವಳು ಕೊನೆಯವರೆಗೂ ನಂಬಿದ್ದಳು.