ಕೆಟಲಮ್ಮನ ಚುನಾವಣಾ ಗುರುತು

ಸೀಮೆಸುಣ್ಣ ಶಾಲೆಯ ಕರಿಹಲಗೆಗೆ ಬೆನ್ನು ತಿರುಗಿಸಿ ಮೊದಲ ಸಲ ಊರು ಬಿಟ್ಟಿದ್ದು ಒಂದು ಶನಿವಾರ, ಎರಡರ ಮಗ್ಗಿ ಅರ್ಧಕ್ಕೇ ನಿಂತಿದ್ದಾಗ. ಗೋಡೆ ಕಂಡಲ್ಲೆಲ್ಲ ಚಿತ್ರ ಬರೆದು ಮೈ ಸವೆಸುತ್ತ ಅದು ಒಂದು ಅಡುಗೆಮನೆಗೆ ಬಂತು. ಅಲ್ಲಿ ಪಾತ್ರೆಗಳ ಯಜಮಾನಿಕೆಗೆ ಚುನಾವಣೆ ನಡೆಯಲಿತ್ತು.

"ಒಲೆಯ ಹಿಂದಿನ ಮಸಿಗೋಡೆಯ ಮೇಲೆ ನನ್ನ ಗುರುತು ಬರಿಯಪ್ಪ," ಎಂದಳು ಟೀ ಕೆಟಲಮ್ಮ. "ಓದು ಬಾರದ ಕೋಳಿಗಳೂ ನೋಡಿ ಓಟು ಹಾಕಬೇಕು. ಏನೂ ಬಿಡಬೇಡ. ಮೈಮೇಲಿನ ಮೂರು ನೆಗ್ಗು, ತಳದ ಬೆಸುಗೆ, ಮುಚ್ಚಳದ ದಾರ, ಎಲ್ಲ ಬರಲಿ."

ಎಲ್ಲವನ್ನೂ ಬರೆಯುವಷ್ಟರಲ್ಲಿ ಬೆರಳುದ್ದವಿದ್ದ ಸೀಮೆಸುಣ್ಣ ಉಗುರಿನಷ್ಟಾಯಿತು. ಕೋಳಿ ಬಂದು ಕತ್ತು ಓರೆ ಮಾಡಿತು. "ಇದೇನು, ಕೆಸರಲ್ಲಿ ಬಿದ್ದ ಎಮ್ಮೆಯೇ?"

ಕೆಟಲಮ್ಮ ಸೀಮೆಸುಣ್ಣದತ್ತ ತಿರುಗಿದಳು. "ಸೋತೆನಲ್ಲೋ! ಇನ್ನಷ್ಟು ತುಂಬು!"

"ಇನ್ನಷ್ಟು ತುಂಬಿದರೆ ನಾನೇ ಇರುವುದಿಲ್ಲ, ತಾಯೀ," ಎಂದ ಸೀಮೆಸುಣ್ಣ ಮಸಿಬಟ್ಟೆ ಹಿಡಿದು ಒರೆಸುತ್ತ ಹೋಯಿತು. ಹೊಟ್ಟೆ, ಹಿಡಿ, ಮೂತಿ, ಮೂರೇ ಗೆರೆ ಉಳಿದವು.

"ಓಹೋ, ನಮ್ಮ ಕೆಟಲಮ್ಮ! ಆ ಮೂತಿ ಯಾರಿಗೆ ಗೊತ್ತಿಲ್ಲ?" ಎಂದಿತು ಕೋಳಿ.

ಕೆಟಲಮ್ಮ ಹಿಗ್ಗಿದಳು, ಮರುಕ್ಷಣವೇ ಮುನಿದಳು. "ನನ್ನ ನೆಗ್ಗುಗಳೆಲ್ಲೋ? ನಲವತ್ತು ವರ್ಷ ತಿಂದ ಪೆಟ್ಟು!"

"ಅವನ್ನು ನೀನೇ ಹೊತ್ತಿದ್ದೀಯಲ್ಲ, ಗೋಡೆ ಯಾಕೆ ಹೊರಬೇಕು?" ಎಂದು ಸೀಮೆಸುಣ್ಣ ಉಳಿದ ಮೈಯನ್ನು ಚಿಂದಿಯಲ್ಲಿ ಗಂಟು ಕಟ್ಟಿಕೊಂಡು ಹೊಸಿಲು ದಾಟಿತು. ಇನ್ನು ಮುಂದೆ ಬರೆಯುವ ಮೂರು ಗೆರೆಯ ಚಿತ್ರಗಳಿಗೆ ಅಷ್ಟು ಮೈ ಧಾರಾಳ.