ನುಸಿಯನ್ನು ತಿನ್ನುವ ನುಸಿ

"ಗುರುಗಳೇ, ಸಿಟ್ಟನ್ನು ಪೂರ್ತಿ ಕಳೆದುಕೊಳ್ಳದವನು ದೀಕ್ಷೆ ತೆಗೆದುಕೊಳ್ಳಬಹುದೇ?"

ಕೇಳಿದವನು ಸೋಮಲಿಂಗ. ಏಳು ವರ್ಷದಿಂದ ಮಠದಲ್ಲಿದ್ದ. ಮರುದಿನ ಬೆಳಿಗ್ಗೆ ಅವನಿಗೆ ದೀಕ್ಷೆ ಎಂದು ನಿಶ್ಚಯವಾಗಿತ್ತು. ಈಗ ಅವನ ಕಂಕುಳಲ್ಲಿ ಬಟ್ಟೆಯ ಗಂಟಿತ್ತು. ಊರಿಗೆ ಹೊರಡುವ ತಯಾರಿಯಲ್ಲೇ ಬಂದಿದ್ದ.

ಗುರುಗಳು ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. "ಏನಾಯಿತು?" ಎಂದರು.

"ಇವತ್ತು ಪಂಕ್ತಿಯಲ್ಲಿ ಮುದುಕರೊಬ್ಬರು ಮೂರನೇ ಸಲ ಸಾರು ಕೇಳಿದರು. ನಾನು ಸೌಟನ್ನು ಪಾತ್ರೆಗೆ ಕುಕ್ಕಿ, ಇದೇನು ಹೊಟ್ಟೆಯೋ ಕಾಳು ತುಂಬುವ ಹಗೇವೋ ಅಂದುಬಿಟ್ಟೆ. ಆಮೇಲೆ ಅವರ ಕಾಲು ಹಿಡಿದೆ. ಅವರು ನಕ್ಕುಬಿಟ್ಟರು. ಆದರೆ ಏಳು ವರ್ಷ ಗುಡಿಸಿದ ಮೇಲೂ ಇಷ್ಟು ಕಸ ಉಳಿದಿದೆ ಅಂದರೆ ನಾನು ಯಾವುದಕ್ಕೂ ಬಾರದವನು. ಸಿಟ್ಟಿನ ಕೊನೆಯ ಬೇರನ್ನೂ ಕಿತ್ತುಹಾಕಿದ ಮೇಲೆ ಬರುತ್ತೇನೆ. ಅಪ್ಪಣೆ ಕೊಡಿ."

"ಕೊಡೋಣ. ಮೊದಲು ಗಂಟು ಕೆಳಗಿಟ್ಟು ಕೂತುಕೋ. ಒಂದು ಬದನೆಕಾಯಿಯ ವಿಷಯ ಹೇಳುತ್ತೇನೆ. ಪುಸ್ತಕದ ಬದನೆಕಾಯಿ ಅಲ್ಲ ಮಾರಾಯ, ಹೊಲದ್ದು."

ಸೋಮಲಿಂಗ ಕೂತ. ಗುರುಗಳು ಹೇಳತೊಡಗಿದರು.

ಒಬ್ಬಳು ರೈತ ಹೆಂಗಸು ಇದ್ದಳು. ಬಲು ಚೊಕ್ಕಟದವಳು. ಅವಳ ಅಂಗಳದಲ್ಲಿ ಒಂದು ಹುಲ್ಲುಕಡ್ಡಿ ಕಂಡರೆ ನನ್ನನ್ನು ಕೇಳು. ಅವಳ ಹತ್ತಿರ ಒಂದು ಬದನೆ ತಳಿ ಇತ್ತು. ಅತ್ತೆ ಕೊಟ್ಟದ್ದು, ಅತ್ತೆಗೆ ಅವರ ಅತ್ತೆ ಕೊಟ್ಟದ್ದು. ಸಣ್ಣ ಕಾಯಿ, ಮೈಮೇಲೆ ಬಿಳಿ ಗೀರು. ಎಣ್ಣೆಗಾಯಿ ಮಾಡಿದರೆ ತಟ್ಟೆ ನೆಕ್ಕಬೇಕು, ಹಾಗೆ. ನಾನೇ ತಿಂದಿದ್ದೇನೆ. ಕಾವಿ ಉಟ್ಟೆ ಅಂತ ನಾಲಗೆ ಸತ್ತುಹೋಗುತ್ತದೆಯೇ? ಆ ತಳಿ ಸುತ್ತಮುತ್ತ ಬೇರೆ ಯಾರಲ್ಲೂ ಉಳಿದಿರಲಿಲ್ಲ. ಒಂದು ಮಳೆಗಾಲ ಬೀಜದ ಕುಡಿಕೆಗೆ ತೇವ ಹೋಗಿ ಬೂಷ್ಟು ಹಿಡಿಯಿತು. ಚೆನ್ನಾಗಿ ಉಳಿದದ್ದು ಒಂದು ಚಿಟಿಕೆ. ಅಷ್ಟನ್ನೂ ಬಿತ್ತಿದಳು. ಇಪ್ಪತ್ತು ಗಿಡ ಎದ್ದವು. ಅವುಗಳಲ್ಲಿ ಒಂದೇ ಒಂದು ಕಾಯಿ ಗಿಡದಲ್ಲೇ ಹಣ್ಣಾದರೆ ಬೀಜ ಸಿಗುತ್ತದೆ. ಇಲ್ಲದಿದ್ದರೆ ಆ ಬದನೆಯ ಕತೆ ಅಲ್ಲಿಗೆ ಮುಗಿಯಿತು.

ಬೇಸಿಗೆ ಬಂತು. ಎಲೆಗಳ ಮೇಲೆ ಬಿಳಿಚಿಕೊಂಡ ಚುಕ್ಕಿಗಳು ಎದ್ದವು. ಮಗುಚಿ ನೋಡಿದರೆ ಅಡಿಯಲ್ಲಿ ತೆಳುವಾದ ಬಲೆ, ಬಲೆಯ ತುಂಬ ಕೆಂಪು ನುಸಿ. ಗಾತ್ರ ಸೂಜಿಯ ಮೊನೆಯಷ್ಟು. ಆದರೆ ಎಲೆಯ ರಸ ಹೀರಿ ಹೀರಿ ಗಿಡವನ್ನೇ ಒಣಗಿಸುತ್ತದೆ. ಅವಳು ತಡಮಾಡಲಿಲ್ಲ. ಅಂಗಡಿಯಿಂದ ಔಷಧಿ ತಂದು ಹೊಡೆದಳು. ಒಂದು ವಾರ ನುಸಿ ಕಾಣಲಿಲ್ಲ. ಎರಡನೇ ವಾರ ಮೊದಲಿನ ಎರಡರಷ್ಟು ಬಂತು. ಮತ್ತೆ ಹೊಡೆದಳು, ಮತ್ತೆ ಬಂತು. ಎಂಟು ಗಿಡ ಒಣಗಿದವು.

ಪಕ್ಕದ ಹೊಲದಲ್ಲಿ ಒಬ್ಬ ಮುದುಕನಿದ್ದ. ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವನು, ಕೈ ನಡುಗತೊಡಗಿದ ಮೇಲೆ ಊರಿಗೆ ಬಂದು ಅವರೆ ಬೆಳೆಯುತ್ತಿದ್ದ. ಅವನು ತನ್ನ ಹಳೆಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಅವಳ ಗಿಡದ ಎಲೆಗಳನ್ನು ನೋಡಿದ. ಔಷಧಿಯ ನಂಜು ಆರಲೆಂದು ಹತ್ತು ದಿನ ಬಿಟ್ಟು, ತನ್ನ ಅವರೆ ಬಳ್ಳಿಯ ಎಲೆಗಳನ್ನು ಒಂದು ಪುಟ್ಟಿಯಲ್ಲಿ ತಂದ. ಬದನೆ ಗಿಡಗಳ ಮೇಲೆ ಒಂದೊಂದಾಗಿ ಇಡತೊಡಗಿದ. ಅವಳು ಒಂದು ಅವರೆ ಎಲೆ ಮಗುಚಿದಳು. ಅದರಲ್ಲೂ ನುಸಿ!

"ಅಜ್ಜಾ, ನನ್ನ ಹತ್ತಿರ ಇರುವ ನುಸಿ ಸಾಲದು ಅಂತ ನಿಮ್ಮ ಹೊಲದ್ದನ್ನೂ ತಂದಿರಾ?"

"ಸರಿಯಾಗಿ ನೋಡು ತಂಗಿ. ನಿನ್ನ ನುಸಿ ಕೂತಲ್ಲೇ ಕೂತಿರುತ್ತದೆ. ಇದು ಚುರುಕಾಗಿ ಓಡಾಡುತ್ತದೆ. ಇದಕ್ಕೆ ನಿನ್ನ ಎಲೆ ಬೇಡ, ನಿನ್ನ ನುಸಿಯೇ ಊಟ. ನಿನ್ನ ಗಿಡದಲ್ಲೂ ಇದು ಇದ್ದಿರಬೇಕು, ಔಷಧಿ ಮೊದಲು ಕೊಂದದ್ದು ಇದನ್ನೇ. ಇನ್ನು ಔಷಧಿ ಮುಟ್ಟಬೇಡ, ಎಲೆ ಕೀಳಬೇಡ. ಸುಮ್ಮನಿರು."

ಸುಮ್ಮನಿರು ಅಂತ ಹೇಳುವುದು ಸುಲಭ. ಚೊಕ್ಕಟದವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ದಿನಕ್ಕೆ ಹತ್ತು ಸಲ ಹೋಗಿ ನೋಡಿದಳು. ಕೈಯನ್ನು ಸೆರಗಿನೊಳಗೆ ಕಟ್ಟಿಕೊಂಡು ವಾಪಸು ಬಂದಳು. ಮೂರು ವಾರಕ್ಕೆ ಹೊಸ ಚಿಗುರು ಹಸಿರಾಗಿ ಬಂತು. ಹೂ ಬಿಟ್ಟಿತು. ಹೀಚು ಕಚ್ಚಿತು. ಹನ್ನೆರಡು ಗಿಡವೂ ಉಳಿದವು. ಅವಳು ಬದುವಿನ ಮೇಲೆ ಕೂತು ಸಮಾಧಾನವಾಗುವಷ್ಟು ಅತ್ತಳು.

ಆದರೆ ಮೂಲೆಯ ಒಂದು ಗಿಡದಲ್ಲಿ ಇನ್ನೂ ಒಂದಿಷ್ಟು ಕೆಂಪು ನುಸಿ ಇತ್ತು. ಅದು ಹಾಗೇ ಇರಲಿ ಬಿಡು ಎಂದು ಮುದುಕ ಹೇಳಿ ಹೋಗಿದ್ದ. ಇವಳಿಗೆ ತಡೆಯಲಿಲ್ಲ. ಇಷ್ಟೆಲ್ಲ ಹೋದ ಮೇಲೆ ಅದೊಂದನ್ನು ಯಾಕೆ ಉಳಿಸಬೇಕು? ಆ ಗಿಡವನ್ನು ಬುಡಸಮೇತ ಕಿತ್ತು ಸುಟ್ಟಳು. ಅಷ್ಟಕ್ಕೂ ಮನಸ್ಸು ತುಂಬಲಿಲ್ಲ. ಉಳಿದ ಹನ್ನೊಂದು ಗಿಡಗಳ ಒಂದೊಂದು ಎಲೆಯನ್ನೂ ಹಿಡಿದು, ಒದ್ದೆ ಬಟ್ಟೆಯಿಂದ ಹಿಂದೆ ಮುಂದೆ ಒರೆಸಿದಳು. ಹೌದು, ಒರೆಸಿದಳು. ನಗಬೇಡ, ನೀನು ಅವಳ ತಮ್ಮನೇ ಆಗಬೇಕು. ಅವತ್ತು ಅವಳ ಹೊಲದಲ್ಲಿ ಹುಡುಕಿದರೂ ಒಂದು ಕೆಂಪು ನುಸಿ ಇರಲಿಲ್ಲ. ಅವಳು ಪಾಯಸ ಮಾಡಿ ಮುದುಕನಿಗೂ ಒಂದು ಬಟ್ಟಲು ಕೊಟ್ಟುಬಂದಳು. ಯಾಕೆಂದು ಹೇಳಲಿಲ್ಲ.

ಹದಿನೈದು ದಿನ ಕಳೆಯಿತು. ಬಿಸಿಗಾಳಿ ಎದ್ದಿತು. ಎಲ್ಲಿಯದೋ ಬೆಂಡೆ ಹೊಲದ ಕೆಂಪು ನುಸಿ ಗಾಳಿಯಲ್ಲಿ ತೇಲಿ ಬಂತು. ಈ ಸಲ ಅದನ್ನು ತಿನ್ನುವವರು ಯಾರೂ ಇರಲಿಲ್ಲ. ಆ ಓಡುವ ನುಸಿಗಳಲ್ಲಿ ಕೆಲವು ಅವಳು ಒರೆಸಿದ ಬಟ್ಟೆಗೆ ಹತ್ತಿ ಹೋಗಿದ್ದವು. ಉಳಿದವು ತಿನ್ನಲು ಏನೂ ಸಿಗದೆ ಸತ್ತಿದ್ದವು. ನೋಡನೋಡುತ್ತಿದ್ದಂತೆ ಏಳು ಗಿಡ ಹೋದವು. ನಾಲ್ಕು ಉಳಿದವು. ಅವುಗಳ ಕಾಯಿ ಇನ್ನೂ ಎಳೆಯದು, ಒಳಗೆ ಬೀಜ ಬಲಿತಿರಲಿಲ್ಲ. ಅವಳು ಮುದುಕನ ಹೊಲಕ್ಕೆ ಓಡಿದಳು. ಅಯ್ಯೋ, ಅಲ್ಲಿ ಅವರೆ ಕೊಯ್ದು ಬಳ್ಳಿಯನ್ನೆಲ್ಲ ದನಕ್ಕೆ ಹಾಕಿ ಆಗಿತ್ತು.

"ಅಜ್ಜಾ, ನನ್ನ ಕೈಯಾರೆ ನಾನೇ ಕೆಡಿಸಿಕೊಂಡೆ," ಎಂದು ಅವಳು ಕುಸಿದು ಕೂತಳು. ಒರೆಸಿದ ವಿಷಯವನ್ನೂ ಹೇಳಿದಳು.

ಮುದುಕ ಬೈಯಲಿಲ್ಲ. ನಾನಾಗಿದ್ದರೆ ಬೈಯುತ್ತಿದ್ದೆ. "ಅವಕ್ಕೆ ಉಣ್ಣಲು ಏನನ್ನಾದರೂ ಬಿಟ್ಟಿದ್ದರೆ ಅವು ಕಾದುಕೊಂಡಿರುತ್ತಿದ್ದವಲ್ಲ ತಂಗಿ," ಎಂದಷ್ಟೇ ಹೇಳಿ ಭೂತಗನ್ನಡಿ ತೆಗೆದುಕೊಂಡು ಎದ್ದ.

ಇಬ್ಬರೂ ಬೇಲಿ ಬೇಲಿ ತಿರುಗಿದರು. ಯಾರೂ ಔಷಧಿ ಹೊಡೆಯದ ಗಿಡಗಳನ್ನೆಲ್ಲ ಹುಡುಕಿ ಎಲೆ ಮಗುಚಿದರು. ಬಿಸಿಲು ನೆತ್ತಿಗೆ ಬಂತು. ಕೊನೆಗೆ ತಿಪ್ಪೆಯ ಪಕ್ಕದ ಹರಳು ಗಿಡಕ್ಕೆ ಬಂದರು. ಧೂಳು ಹಿಡಿದು, ಬಲೆ ಕಟ್ಟಿ, ನುಸಿ ತುಂಬಿದ ಗಿಡ. ಅವಳು ಅದರ ಹತ್ತಿರಕ್ಕೂ ಹೋದವಳಲ್ಲ. ಮುದುಕ ಒಂದು ಎಲೆಗೆ ಕಣ್ಣು ಹಚ್ಚಿದ. ಬಹಳ ಹೊತ್ತು ನೋಡಿದ. ಆಮೇಲೆ "ಓಡುತ್ತಿವೆ ತಂಗೀ, ಓಡುತ್ತಿವೆ!" ಎಂದು ಚಿಕ್ಕವರ ಹಾಗೆ ಕೂಗಿದ.

ಆ ಎಲೆಗಳನ್ನು ತಂದು ನಾಲ್ಕೂ ಗಿಡಗಳ ಮೇಲೆ ಇಟ್ಟರು. ಎರಡು ಗಿಡ ಒಣಗಿಯೇ ಹೋದವು. ಮೂರನೆಯದು ಅರ್ಧ ಒಣಗಿ ನಿಂತಿತು. ನಾಲ್ಕನೆಯದು ಚಿಗುರಿತು. ಅದರ ಒಂದು ಕಾಯಿ ಬಲಿತು, ಹಳದಿಯಾಗಿ, ಗಿಡದಲ್ಲೇ ಹಣ್ಣಾಯಿತು. ಅವಳು ಹಣ್ಣನ್ನು ಹಿಸುಕಿ, ಬೀಜ ತೊಳೆದು, ನೆರಳಿನಲ್ಲಿ ಹರಡಿದಳು. ಮುದುಕ ಉಸ್ಸಪ್ಪಾ ಎಂದು ಜಗಲಿಗೆ ಒರಗಿದ. ಅವಳಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಎಷ್ಟೋ ವಾರದ ಮೇಲೆ ಅವತ್ತು ಇಬ್ಬರೂ ಹೊಟ್ಟೆ ತುಂಬ ಉಂಡರು.

ಮುಂದಿನ ವರ್ಷ ಅವಳ ಬದನೆ ಸಾಲಿನ ತುದಿಯಲ್ಲಿ ಒಂದು ಗಿಡಕ್ಕೆ ನುಸಿ ಇತ್ತು. ಕಂಡವರು, ಇಷ್ಟು ಚೊಕ್ಕಟದವಳ ಹೊಲದಲ್ಲಿ ಇದೇನಮ್ಮ ಎಂದು ಆಡಿಕೊಂಡರು. ಇರಲಿ, ಅದು ಬೇಕು ಎಂದಳು. ಆ ಬದನೆ ಈಗ ಹತ್ತು ಊರಿನಲ್ಲಿದೆ.

ಗುರುಗಳು ಕತೆ ನಿಲ್ಲಿಸಿ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು.

ಸೋಮಲಿಂಗ ತಾನೂ ಒಂದು ಹುಣಸೆಹಣ್ಣು ಕೈಗೆತ್ತಿಕೊಂಡ. "ಕೆಂಪು ನುಸಿ ನನ್ನ ಸಿಟ್ಟು. ಅದು ತಿಳಿಯಿತು ಗುರುಗಳೇ. ಅದನ್ನು ತಿನ್ನುವ ನುಸಿ ನನ್ನಲ್ಲಿ ಎಲ್ಲಿದೆ?"

"ಪಂಕ್ತಿಯಲ್ಲಿ ಆ ಮುದುಕರ ಕಾಲು ಹಿಡಿ ಅಂತ ನಿನಗೆ ಹೇಳಿದವರು ಯಾರು?"

"ಯಾರೂ ಹೇಳಲಿಲ್ಲ. ಬಾಯಿಂದ ಮಾತು ಬಿದ್ದ ಕೂಡಲೇ ನನಗೇ ನಾಚಿಕೆಯಾಯಿತು."

ಹಾಗೆಂದವನೇ ಸೋಮಲಿಂಗ ತಲೆ ಎತ್ತಿದ. ಅಷ್ಟು ಹೊತ್ತೂ ಬಿಗಿದುಕೊಂಡಿದ್ದ ಅವನ ಮುಖ ಸಡಿಲವಾಯಿತು. ಆದರೂ ಒಂದು ಅನುಮಾನ ಬಿಡಲಿಲ್ಲ.

"ಆದರೂ ಗುರುಗಳೇ, ಸಿಟ್ಟೇ ಇಲ್ಲದವನು ಸಿಕ್ಕರೆ, ದೀಕ್ಷೆಗೆ ನನಗಿಂತ ಅವನೇ ಯೋಗ್ಯನಲ್ಲವೇ?"

ಗುರುಗಳು ಕೈಯಲ್ಲಿದ್ದ ಬೀಜವನ್ನು ಪಕ್ಕಕ್ಕೆ ಹಾಕಿ ಹೇಳಿದರು:

"ಹೋದ ವರ್ಷ ಒಬ್ಬ ಬಂದು ತನ್ನಲ್ಲಿ ಸಿಟ್ಟು ಒಂದಿಷ್ಟೂ ಉಳಿದಿಲ್ಲ ಅಂದ, ನಾನು ಊರಿಗೆ ಕಳಿಸಿದ್ದು ಅವನನ್ನು."